ಗುಂಡಿ ಯಾರ ಕೈಯಲ್ಲಿರಬೇಕು?

ಕೊಡಗಿನಲ್ಲಿ ಕಾಫಿ ಕೊಯ್ಲು ನಡೆಯುವುದೇ ಚಳಿಗಾಲದಲ್ಲಿ. ಮುಂಜಾನೆ ತೋಟದ ಟ್ರ್ಯಾಕ್ಟರು ಹೊರಡದಿದ್ದರೆ ಹಣ್ಣು ಕಣಕ್ಕೆ ಸೇರದು. ಹೇರುವ ಆಳಿನ ಅರ್ಧ ದಿನದ ಕೂಲಿ ಹೋಗುತ್ತದೆ, ಅಂಗಡಿಯಲ್ಲಿ ಅವನ ಸಾಲದ ಲೆಕ್ಕ ಬೆಳೆಯುತ್ತದೆ. ಆದ್ದರಿಂದ ಇದು ತೋಟದವರ ಮಾತಷ್ಟೇ ಅಲ್ಲ, ನಮ್ಮೆಲ್ಲರ ಮಾತು.

ಡೀಸೆಲ್ ಎಂಜಿನ್ನಿನಲ್ಲಿ ಕಿಡಿಯಿಲ್ಲ. ಒತ್ತಡದಿಂದ ಕಾದ ಗಾಳಿಯಲ್ಲೇ ಎಣ್ಣೆ ಹೊತ್ತಿಕೊಳ್ಳಬೇಕು. ಚಳಿಯಲ್ಲಿ ಆ ಶಾಖ ಸಾಲದಾಗ, ಕೆಲವು ಸಣ್ಣ ಟ್ರ್ಯಾಕ್ಟರುಗಳಲ್ಲಿ ಗ್ಲೋ ಪ್ಲಗ್ ಕೆಂಪಗೆ ಕಾದು ನೆರವಾಗುತ್ತದೆ. ಎಷ್ಟು ಹೊತ್ತು ಕಾಯಬೇಕೆಂಬುದನ್ನು ಒಂದು ಮುಚ್ಚಿದ ಪೆಟ್ಟಿಗೆ ತಾನಾಗಿಯೇ ನಿರ್ಧರಿಸುತ್ತದೆ. ಅದು ಕೆಟ್ಟರೆ ಇಡೀ ಪೆಟ್ಟಿಗೆಯನ್ನೇ ಬದಲಿಸಿ ಎನ್ನುತ್ತಾರೆ. ಹೊಸದು ಬರುವತನಕ ಕೂಲಿಗಾರನ ಒಲೆ ಆರಿರಬೇಕೆ?

ಊರಿನ ಮೆಕ್ಯಾನಿಕ್ಕಿಗೆ ದಾರಿ ಗೊತ್ತಿದೆ. ಬ್ಯಾಟರಿಯಿಂದ ಫ್ಯೂಸ್, ಫ್ಯೂಸಿನಿಂದ ರಿಲೇ, ರಿಲೇಯಿಂದ ಪ್ಲಗ್ಗುಗಳಿಗೆ ದಪ್ಪ ತಂತಿ. ರಿಲೇಯನ್ನು ನಡೆಸಲು ಒಂದು ಸ್ಪ್ರಿಂಗ್ ಗುಂಡಿ. ಕೆಲವು ಸೆಕೆಂಡು ಒತ್ತಿ ಹಿಡಿದು ಎಂಜಿನ್ ತಿರುಗಿಸಿದರಾಯಿತು. ಆದರೆ ಅಧಿಕಾರದ ಜೊತೆಗೆ ಹೊಣೆಯೂ ಬರುತ್ತದೆ: ಹೆಚ್ಚು ಹೊತ್ತು ಒತ್ತಿದರೆ ಪ್ಲಗ್ ಸುಡುತ್ತದೆ, ಬ್ಯಾಟರಿ ಇಳಿಯುತ್ತದೆ. 12 ವೋಲ್ಟಿಗಿಂತ ಕಡಿಮೆಯ ಪ್ಲಗ್ಗಿಗೆ ಬ್ಯಾಟರಿಯ ನೇರ ತಂತಿ ಸಲ್ಲದು.

2022ರ ಜುಲೈಯಲ್ಲಿ ಕೇಂದ್ರ ಸರ್ಕಾರ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ನೇಮಿಸಿತು. ಕೃಷಿ ಯಂತ್ರಗಳೂ ಅದರ ವ್ಯಾಪ್ತಿಯಲ್ಲಿದ್ದವು. ಸಮಿತಿಯಿಂದಲೇ ಎಂಜಿನ್ ಹೊರಡದು. ತಂತಿಯ ನಕ್ಷೆ, ಬಿಡಿಭಾಗ ಎರಡೂ ತಾಲ್ಲೂಕಿನ ಮೆಕ್ಯಾನಿಕ್ಕಿಗೆ ನ್ಯಾಯವಾದ ಬೆಲೆಗೆ ಸಿಗಬೇಕು. ದುಡಿಯುವವನ ಯಂತ್ರದ ಗುಂಡಿ ದುಡಿಯುವವನ ಕೈಯಲ್ಲೇ ಇರಲಿ ಎಂಬುದು ನಮ್ಮ ಬೇಡಿಕೆ.