ಕೊಡುವ ಕೈಯೂ ನಡೆಯುವ ಕಾಲೂ

ಬಡವನಿಗೆ ಕೊಡತಕ್ಕದ್ದೆಂಬ ವಿಷಯದಲ್ಲಿ ಮತಧರ್ಮಗಳೊಳಗೆ ಜಗಳವಿಲ್ಲ. ಜಗಳವಿರುವುದು ಕೊಡುವ ರೀತಿಯನ್ನು ಕುರಿತು. ಜಗುಲಿಯ ಮೇಲೆ ನಿಂತು ಕೊಟ್ಟರೆ ಸಾಲದೆ, ಪಡೆಯುವವನ ಹೊಸ್ತಿಲವರೆಗೆ ನಡೆದೂ ಹೋಗಬೇಕೆ? ಲೂಕನ ಸುವಾರ್ತೆಯಲ್ಲಿ ಬರುವ ಸಮಾರ್ಯದವನು, ದಾರಿಯಲ್ಲಿ ಬಿದ್ದಿದ್ದವನ ಗಾಯಗಳಿಗೆ ಎಣ್ಣೆಯನ್ನೂ ದ್ರಾಕ್ಷಾರಸವನ್ನೂ ಹೊಯ್ದು ಕಟ್ಟಿ, ಅವನನ್ನು ತನ್ನ ವಾಹನದ ಮೇಲೆ ಕುಳ್ಳಿರಿಸಿ ಛತ್ರಕ್ಕೆ ಕರೆತಂದು ಆರೈಕೆ ಮಾಡಿ, ಮರುದಿನ ಛತ್ರದವನ ಕೈಯಲ್ಲಿ ಎರಡು ಬೆಳ್ಳಿಯ ನಾಣ್ಯಗಳನ್ನಿಟ್ಟು, ಹೆಚ್ಚು ವೆಚ್ಚವಾದರೆ ತಾನು ಹಿಂದಿರುಗಿ ಬರುವಾಗ ತೀರಿಸುವೆನೆಂದು ಹೇಳಿ ಹೊರಡುತ್ತಾನೆ. ಕೇಳಿದವರೆಲ್ಲ ಎಣ್ಣೆಯನ್ನೂ ನಾಣ್ಯವನ್ನೂ ನೆನಪಿಡುತ್ತಾರೆ. ನನಗಾದರೋ ಹಿಂದಿರುಗಿ ಬರುವೆನೆಂಬ ಆ ಮಾತೇ ಕಥೆಯ ತಿರುಳೆಂದು ತೋರುತ್ತದೆ.

1833ರಲ್ಲಿ, ಹಿಂದಿನ ವರ್ಷವಷ್ಟೇ ಕಾಲರಾ ಬಡಿದು ಹೋಗಿದ್ದ ಪ್ಯಾರಿಸ್ ನಗರದಲ್ಲಿ, ಇಪ್ಪತ್ತು ವರ್ಷದ ಫ್ರೆಡೆರಿಕ್ ಓಜಾನಾಮನೂ ಅವನ ಕೆಲವರು ಸಹಪಾಠಿಗಳೂ ಬಡವರನ್ನು ಅವರವರ ಮನೆಗಳಲ್ಲಿಯೇ ಕಾಣುವ ವ್ರತವನ್ನು ಕೈಕೊಂಡರು. ಅನುಭವವಿಲ್ಲದ ಈ ಹುಡುಗರಿಗೆ ಮೂಫ್ತಾರ್ ಬೀದಿಯ ಸುತ್ತಿನ ಕೇರಿಯನ್ನು ಬಲ್ಲ ಸಂನ್ಯಾಸಿನಿ ರೊಸಾಲಿ ರಾಂದು ಮನೆಗಳನ್ನು ತೋರಿಸಿಕೊಟ್ಟಳು. ರೊಟ್ಟಿಯ ಚೀಟಿಗಳನ್ನೂ ಕೊಟ್ಟಳು. ಚೀಟಿಯನ್ನು ಆಳಿನ ಕೈಯಲ್ಲಿ ಕಳುಹಿಸಬಹುದಾಗಿತ್ತು. ಆದರೆ ಅದನ್ನು ತಾನೇ ಹಿಡಿದು ಕತ್ತಲೆಯ ಮೆಟ್ಟಿಲುಗಳನ್ನು ಹತ್ತಿ, ಮುರುಕು ಪೀಠದ ಮೇಲೆ ಕುಳಿತು, ಮಗುವಿನ ಕೆಮ್ಮನ್ನೂ ಬಾಡಿಗೆಯ ಬಾಕಿಯನ್ನೂ ಕೇಳಿ ಬಂದವನು ಮುಂದಿನ ವಾರ ಬರಿಗೈಯಲ್ಲಾದರೂ ಹೋಗಲೇಬೇಕಾಗುತ್ತದೆ. ಸಂತ ವಿನ್ಸೆಂಟ್ ದಿ ಪಾಲರ ಹೆಸರಿನ ಸಂಘವು ಹುಟ್ಟಿದ್ದು ಹೀಗೆ.

ಪರಿಚಯಕ್ಕೂ ಒಂದು ಕೇಡುಂಟು. 1819ರಲ್ಲಿ ಗ್ಲಾಸ್ಗೋ ನಗರದ ಸೇಂಟ್ ಜಾನ್ಸ್ ಪ್ಯಾರಿಷಿಗೆ ಸಭಾಪಾಲಕನಾಗಿ ಬಂದ ಥಾಮಸ್ ಚಾಮರ್ಸನು, ಸುಮಾರು ಹತ್ತು ಸಾವಿರ ಜನರಿದ್ದ ಆ ಪ್ರದೇಶವನ್ನು 25 ಭಾಗ ಮಾಡಿ, ಒಂದೊಂದಕ್ಕೂ ಒಬ್ಬ ಸಭಾಸೇವಕನನ್ನು ನೇಮಿಸಿದನು. ಕೇಳಿ ಬಂದವನ ದುಡಿಮೆ, ಬಂಧುಬಳಗ, ನೆರೆಹೊರೆ ಎಲ್ಲವನ್ನೂ ವಿಚಾರಿಸಿ, ಆ ಆಸರೆಗಳೆಲ್ಲ ಬತ್ತಿದ ಮೇಲೆಯೇ ಆರಾಧನೆಯ ಕಾಣಿಕೆಯಿಂದ ಕೊಡತಕ್ಕದ್ದು. ತೆರಿಗೆಯ ಹಣ ಕೂಡದು. ವರ್ಷಕ್ಕೆ 1400 ಪೌಂಡಿದ್ದ ವೆಚ್ಚವು 280ಕ್ಕೆ ಇಳಿಯಿತೆಂದು ಅವನು ಅಭಿಮಾನದಿಂದ ಲೆಕ್ಕ ಕೊಟ್ಟನು. ಇಳಿದದ್ದು ಬಡತನವೋ, ಕೇಳುವ ಧೈರ್ಯವೋ? ನೆರೆಯವನೇ ನ್ಯಾಯಾಧೀಶನಾಗಿ ಬಾಗಿಲಲ್ಲಿ ನಿಂತರೆ ಮಾನವಂತನು ಹಸಿವನ್ನೇ ಲೇಸೆಂದಾನು. ಆ ಮಹಾನುಭಾವನ ಶ್ರಮವನ್ನು ನಾನು ಹಳಿಯುವುದಿಲ್ಲ; ಅವನ ಸೇವಕರು ಮನೆಮನೆಗೆ ನಡೆದದ್ದು ದಿಟ. ಆದರೆ ಸ್ನೇಹದ ಫಲವನ್ನು ಉಳಿತಾಯದ ಅಂಕಿಯಲ್ಲಿ ಅಳೆದದ್ದು ತಪ್ಪು. 1837ರ ಹೊತ್ತಿಗೆ ಆ ಏರ್ಪಾಡು ನಿಂತುಹೋಯಿತು.

ಆದುದರಿಂದ ಅನ್ನವನ್ನು ಹಕ್ಕಾಗಿ ಕೊಡುವ ಕಾಯಿದೆ ಇರಲೇಬೇಕು. ಅದು ರೊಟ್ಟಿಯನ್ನು ತಪ್ಪದೆ ತಲುಪಿಸೀತು, ಕೊಟ್ಟವನ ಮುಂದೆ ಹಲ್ಲುಗಿಂಜುವ ದೈನ್ಯವನ್ನೂ ತಪ್ಪಿಸೀತು; ಆಸ್ಪತ್ರೆಯವರೆಗೆ ಜೊತೆಗೆ ಬರಲಾರದು, ಸಾವಾದ ಮನೆಯಲ್ಲಿ ಇರುಳೆಲ್ಲ ಕುಳಿತಿರಲಾರದು. ಅಷ್ಟನ್ನು ಮಾಡಲೆಂದು ಹೊರಡುವವನು ಲೆಕ್ಕದ ಪುಸ್ತಕವನ್ನು ಮನೆಯಲ್ಲಿಯೇ ಬಿಟ್ಟು ಹೋಗಲಿ.