ಸದನದಲ್ಲಿ ಇಬ್ಬರೇ ಇದ್ದಾಗ

ಪ್ರಜಾಪ್ರಭುತ್ವವೆಂದರೆ ತಲೆ ಎಣಿಕೆಯೆಂಬ ಮಾತು ರೂಢಿಯಲ್ಲಿದೆ. ಅದು ಅರ್ಧಸತ್ಯ. ಮಿಕ್ಕ ಅರ್ಧವನ್ನು ಅರಿಯಲು ಕರ್ನಾಟಕ ವಿಧಾನಸಭೆಯ ನಾಲ್ಕು ದಶಕಗಳ ಹಿಂದಿನ ಒಂದು ಅಧ್ಯಾಯವನ್ನು ನೋಡಬೇಕು.

ಮಂಡ್ಯ ಜಿಲ್ಲೆಯ ಬೂಕನಕೆರೆಯಲ್ಲಿ 1943ರಲ್ಲಿ ಜನಿಸಿದ ಬಿ.ಎಸ್. ಯಡಿಯೂರಪ್ಪನವರು ಶಿಕಾರಿಪುರದಲ್ಲಿ ನೆಲೆಸಿ, ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತರಾಗಿ ದುಡಿದವರು. ಸಂಘದ ಶಾಖೆ, ಜನಸಂಘ, ಪುರಸಭೆಗಳ ಹಾದಿಯಲ್ಲಿ ಬೆಳೆದು, ತುರ್ತು ಪರಿಸ್ಥಿತಿಯಲ್ಲಿ ಸೆರೆವಾಸ ಅನುಭವಿಸಿ, 1983ರಲ್ಲಿ ಶಾಸಕರಾದರು. ಆಗ ಭಾರತೀಯ ಜನತಾ ಪಕ್ಷಕ್ಕೆ 18 ಸ್ಥಾನಗಳು ದೊರೆತಿದ್ದವು. ಬಹುಮತವಿಲ್ಲದ ರಾಮಕೃಷ್ಣ ಹೆಗಡೆಯವರ ಜನತಾ ಸರಕಾರವು ಆ ಪಕ್ಷದ ಹೊರಗಿನ ಬೆಂಬಲವನ್ನು ಪಡೆಯಿತು.

1985ರ ಚುನಾವಣೆಯಲ್ಲಿ ಜನತಾ ಪಕ್ಷಕ್ಕೆ 139 ಸ್ಥಾನಗಳು ಬಂದವು. 224 ಚುನಾಯಿತರ ಸದನದಲ್ಲಿ ಭಾಜಪಕ್ಕೆ ಉಳಿದವರು ಇಬ್ಬರು: ಶಿಕಾರಿಪುರದ ಯಡಿಯೂರಪ್ಪ ಮತ್ತು ಬೆಳ್ತಂಗಡಿಯ ವಸಂತ ಬಂಗೇರ.

ಇಬ್ಬರಿಂದ ಸರಕಾರ ಉರುಳದು, ಮಸೂದೆ ನಿಲ್ಲದು. ಆದರೆ ಸಂವಿಧಾನದ 194ನೆಯ ವಿಧಿಯು ಸದನದಲ್ಲಿ ಕೊಟ್ಟ ವಾಕ್ ಸ್ವಾತಂತ್ರ್ಯವು ಪಕ್ಷದ ಗಾತ್ರವನ್ನು ಕೇಳುವುದಿಲ್ಲ. ಅಲ್ಲಿ ಆಡಿದ ಮಾತಿಗಾಗಿ ಸದಸ್ಯನನ್ನು ನ್ಯಾಯಾಲಯಕ್ಕೆ ಎಳೆಯುವಂತಿಲ್ಲ. ನಿಯಮಾನುಸಾರ ಅಂಗೀಕೃತವಾದ ಪ್ರಶ್ನೆಗೆ, ಕೇಳಿದವರು ಒಬ್ಬರೇ ಆದರೂ, ಮಂತ್ರಿ ಉತ್ತರಿಸಬೇಕು. ಆ ಉತ್ತರ ಕಡತಕ್ಕೆ ಸೇರುತ್ತದೆ.

ಯಡಿಯೂರಪ್ಪನವರದು ಮೆದುಮಾತಿನ ರಾಜಕಾರಣವಲ್ಲ. ಸದನದ ಒಳಗೂ ಹೊರಗೂ ಹೋರಾಟವೇ ಅವರ ಗುರುತಾಯಿತು. 1988ರಲ್ಲಿ ಅವರು ಪಕ್ಷದ ರಾಜ್ಯಾಧ್ಯಕ್ಷರಾದರು. 1989ರಲ್ಲಿ ಪಕ್ಷಕ್ಕೆ ದೊರೆತದ್ದು ನಾಲ್ಕೇ ಸ್ಥಾನ, 1994ರಲ್ಲಿ 40. ಆಗ ಅವರು ವಿರೋಧಪಕ್ಷದ ನಾಯಕರಾದರು. ಈ ಏರಿಕೆಗೆ ಕಾಲದ ಗಾಳಿಯೂ ಕಾರಣ. ಅವರ ಸಿದ್ಧಾಂತವನ್ನು ಒಪ್ಪುವುದು, ಬಿಡುವುದು, ಮುಂದಿನ ಅಧಿಕಾರದ ಗುಣದೋಷಗಳನ್ನು ತೂಗುವುದು ಬೇರೆ ವಿಷಯ. ಇಬ್ಬರೇ ಇದ್ದೇವೆಂದು ಬಾಯಿ ಮುಚ್ಚಿ ಕೂರದಿದ್ದುದು ಇಲ್ಲಿ ಗಮನಾರ್ಹ.

ಸಂಖ್ಯೆಯ ಕೊರತೆ ನಮಗೆ ಹೊಸತಲ್ಲ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಹೋದಾಗ ಅದರ ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಈಚೆ ಉಳಿದವು. ಅದೇ ವರ್ಷ ಏಳನೆಯ ತಿದ್ದುಪಡಿಯ ಮೂಲಕ 350ಎ ವಿಧಿ ಸಂವಿಧಾನಕ್ಕೆ ಸೇರಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಬೋಧನೆಗೆ ಸಾಕಷ್ಟು ಅನುಕೂಲ ಕಲ್ಪಿಸಲು ರಾಜ್ಯವೂ ಸ್ಥಳೀಯ ಸಂಸ್ಥೆಗಳೂ ಯತ್ನಿಸಬೇಕೆಂದು ಅದು ವಿಧಿಸುತ್ತದೆ.

ಆದ್ದರಿಂದ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ. ಶಾಲೆಯಲ್ಲಿ ಕನ್ನಡ ಶಿಕ್ಷಕರ ಹುದ್ದೆ ತೆರವಾಗಿದ್ದರೆ, ಪಠ್ಯಪುಸ್ತಕ ತಡವಾದರೆ, ಕಟ್ಟೆಯ ಮೇಲೆ ಕುಳಿತು ನೊಂದುಕೊಳ್ಳುವುದರಿಂದ ಫಲವಿಲ್ಲ. ಮಂಡಲ ಶಿಕ್ಷಣಾಧಿಕಾರಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಪಡೆಯಿರಿ. ಅದರ ಪ್ರತಿಯನ್ನು ನಿಮ್ಮ ಶಾಸಕರಿಗೆ ಕೊಟ್ಟು, ಹೈದರಾಬಾದಿನ ಸದನದಲ್ಲಿ ಪ್ರಶ್ನೆ ಕೇಳುವಂತೆ ಒತ್ತಾಯಿಸಿರಿ. ಸಹಿ ಹಾಕುವ ಪಾಲಕರು ಇಬ್ಬರೇ ಆದರೂ ಮನವಿ ಮನವಿಯೇ.