ಬೇಲಿಯ ವಿಷ, ಬೊಕೆಯ ವಿಷ
ಕೊಳ್ಳೇಗಾಲದ ಕಡೆ ರೇಷ್ಮೆಹುಳು ಸಾಕುವ ಮನೆಗೆ ಇಲಿಕಾಟ ತಪ್ಪಿದ್ದಲ್ಲ. ಅದಕ್ಕೆ ಬೆಕ್ಕೇ ಮದ್ದು. ಆ ಬೆಕ್ಕಿಗೆ ಯಾವ ಗಿಡ ವಿಷ ಎಂದರೆ ನಮ್ಮ ಬೆರಳು ಮೊದಲು ಹೋಗುವುದು ಶಿವಪೂಜೆಯ ಕಣಗಿಲೆಯ ಕಡೆಗೆ. ತಪ್ಪೇನಿಲ್ಲ, ಅದರ ಎಲೆ ಗುಂಡಿಗೆಯ ಬಡಿತವನ್ನೇ ಕೆಡಿಸುತ್ತದೆ. ಮಳೆ ಹಿಡಿದ ಮೇಲೆ ಹನೂರಿನ ಬೇಲಿಯಲ್ಲಿ, ಬಿಳಿಗಿರಿರಂಗನ ಬೆಟ್ಟದ ತಪ್ಪಲಲ್ಲಿ ಬೆಂಕಿಯ ನಾಲಗೆಯಂತೆ ಅರಳುವ ಅಗ್ನಿಶಿಖೆಯೂ ಕಡಿಮೆಯದಲ್ಲ. ಗೆಡ್ಡೆಯಲ್ಲಿ ಕಾಲ್ಚಿಸಿನ್ ಎಂಬ ವಿಷವಿದೆ. (ಗಡಿಯಾಚೆಯ ತಮಿಳುನಾಡಿಗೆ ಅದೇ ರಾಜ್ಯಪುಷ್ಪ!) ಆದರೆ ನನಗೆ ಬೇಲಿಗಿಂತ ಬೊಕೆಯ ಭಯವೇ ಹೆಚ್ಚು. ಮದುವೆಮನೆಯಿಂದ ಬಂದು ಟೀವಿ ಪಕ್ಕ ಕೂರುವ ಲಿಲ್ಲಿ ಹೂವನ್ನು ನಾಯಿ ತಿಂದರೆ ಹೊಟ್ಟೆ ಕೆಟ್ಟೀತು, ಅಷ್ಟೆ. ಬೆಕ್ಕಿಗಾದರೆ ಮೂತ್ರಪಿಂಡವೇ ಹೋಗುತ್ತದೆ. ತಿನ್ನಲೇಬೇಕೆಂದೂ ಇಲ್ಲ, ಮೈಮೇಲೆ ಉದುರಿದ ಪರಾಗ ನೆಕ್ಕಿಕೊಂಡರೂ, ಹೂದಾನಿಯ ನೀರು ಕುಡಿದರೂ ಸಾಕು. ಮೊದಲು ವಾಂತಿ, ಆಮೇಲೆ ಸುಧಾರಿಸಿದ ಹಾಗೆ ಕಾಣುತ್ತದೆ. ಮನೆಯವರು ಮೋಸಹೋಗುವುದು ಅಲ್ಲೇ. 18 ಗಂಟೆಯೊಳಗೆ ಡ್ರಿಪ್ ಹಾಕಿಸಿದರೆ ಉಳಿಯುವ ಆಸೆಯುಂಟು, ತಡವಾದರೆ ಮೂರ್ನಾಲ್ಕು ದಿನದ ಮಾತು. ಮನಿಪ್ಲಾಂಟ್ ಅಷ್ಟು ಕ್ರೂರಿಯಲ್ಲ, ಎಲೆ ಕಚ್ಚಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ. ಬೆಕ್ಕಿಗೆ ಗಿಡ ಬೇಕೇಬೇಕೆಂದಾದರೆ ಯಳಂದೂರಿನ ಹಿತ್ತಿಲ ಕಳೆ ಕುಪ್ಪಿಗಿಡ ಇದೆಯಲ್ಲ! ಬೇರು ಕಿತ್ತು ಮುಂದಿಡಿ, ಮೂಸಿ, ಕೆನ್ನೆ ಉಜ್ಜಿ, ಅಮಲೇರಿದಂತೆ ಹೊರಳಾಡುತ್ತದೆ. ತಮಿಳರು ಆ ಗಿಡವನ್ನು ಪೂನೈವಣಂಗಿ ಅನ್ನುತ್ತಾರೆ: ಬೆಕ್ಕು ಅಡ್ಡಬೀಳುವ ಗಿಡ.